ಅವ್ವ ಕಾಲಿಟ್ಟ ಜೋಡು

ಚಪ್ಪಲಿಯಲ್ಲಿ ಕಾಲಿಡುವುದು ತಪ್ಪು ಎಂದು ನಾನು ಕಲಿತದ್ದು ಆರನೆಯ ವಯಸ್ಸಿನಲ್ಲಿ, ಬೆನ್ನಿಗೊಂದು ಏಟು ತಿಂದು.

ನಮ್ಮದು ಅಥಣಿ ತಾಲ್ಲೂಕಿನ ಹಳ್ಳಿ. ಅಪ್ಪ ತೊಗಲಿನ ಚಪ್ಪಲಿ ಮಾಡುವವ. ಹೊರಗಿನವರು ಅದನ್ನು ಕೊಲ್ಹಾಪುರಿ ಎನ್ನುತ್ತಾರೆ, ನಾವು ಬರೀ ಜೋಡು ಎನ್ನುತ್ತೇವೆ. ತೊಗಲು ಕತ್ತರಿಸುವುದು, ಕಲ್ಲಿನ ಮೇಲಿಟ್ಟು ಬಡಿಯುವುದು, ಹೊಲಿಯುವುದು ಅಪ್ಪನ ಕೆಲಸ. ಮೇಲಿನ ಪಟ್ಟಿಗೆ ತೊಗಲಿನ ಸಣ್ಣ ಎಳೆಗಳನ್ನು ಜಡೆಯ ಹಾಗೆ ಹೆಣೆಯುವುದು ಅವ್ವನ ಕೆಲಸ. ತಯಾರಾದ ಜೋಡುಗಳನ್ನು ದಾರದಿಂದ ಕಟ್ಟಿ ಪಡಸಾಲೆಯ ಗೋಡೆಗೆ ಸಾಲಾಗಿ ತೂಗುಹಾಕುತ್ತಿದ್ದರು. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು ನಾನು ಒಂದು ಜೋಡನ್ನು ಇಳಿಸಿ, ದಾರ ಬಿಚ್ಚಿ, ಆಗಷ್ಟೇ ತೊಳೆದ ಕಾಲುಗಳನ್ನು ಅದರಲ್ಲಿಟ್ಟು ಠೀವಿಯಿಂದ ಅಂಗಳದ ತನಕ ನಡೆದೆ. ಬಣ್ಣ ಹಾಕದ ತೊಗಲು ಅದು. ಒದ್ದೆ ಬೇಡ, ಬರೀ ಬೆವರು ತಾಗಿದರೂ ಕಪ್ಪು ಗುರುತು ಬೀಳುತ್ತದೆ, ಆಮೇಲೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ದೊಡ್ಡವರ ಚಪ್ಪಲಿಯ ನಡುವೆ ನನ್ನ ಪುಟ್ಟ ಹೆಜ್ಜೆ, ಬೆರಳುಗಳ ಸಮೇತ, ಅಚ್ಚು ಒತ್ತಿದಂತೆ ಮೂಡಿತು. ಹಿತ್ತಲಿಂದ ಬಂದ ಅವ್ವ ಮೊದಲು ಚಪ್ಪಲಿ ನೋಡಿದಳು, ಆಮೇಲೆ ನನ್ನ ಬೆನ್ನಿಗೊಂದು ಕೊಟ್ಟಳು.

“ಕಾಲಿಟ್ಟ ಜೋಡ ಯಾರ ತಗೋತಾರ? ನಿಮ್ಮಪ್ಪ ಎರಡ ದಿನಾ ಕುಂತ ಮಾಡ್ಯಾರ ಅದನ್ನ.”

ನಮ್ಮ ಮನೆಯ ಕಾನೂನು ಅಷ್ಟೇ. ಕಾಲಿಡುವ ತನಕ ಅದು ಮಾಲು. ಕಾಲಿಟ್ಟ ಮೇಲೆ ಅದು ಮಾಲಲ್ಲ. ನಾನೂ ತಮ್ಮನೂ ಶಾಲೆಗೆ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಹೋಗಿ ಬೆಳೆದೆವು. ಅವ್ವನಂತೂ ಮದುವೆಯಾಗಿ ಬಂದಾಗಿನಿಂದ ಎಷ್ಟು ಸಾವಿರ ಪಟ್ಟಿ ಹೆಣೆದಿದ್ದಾಳೋ, ತಾನು ಮೆಟ್ಟಿದ್ದು ಮಾತ್ರ ರಬ್ಬರಿನದೇ.

ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಅವ್ವನ ಎಡಗಾಲಿನ ಕೊನೆಯ ಎರಡು ಬೆರಳುಗಳಿಲ್ಲ. ಹೊಸದಾಗಿ ಮದುವೆಯಾಗಿ ಬಂದ ವರ್ಷ ತೊಗಲು ಬಡಿಯುವ ಕಲ್ಲನ್ನು ಒಬ್ಬಳೇ ಸರಿಸಲು ಹೋಗಿ ಅದು ಕಾಲ ಮೇಲೆ ಬಿದ್ದಿತ್ತು. ಗಾಯವೇನೋ ಮಾಯಿತು. ಪಾದ ಮಾತ್ರ ಮುದುಡಿಕೊಂಡು ಬಲಗಾಲಿಗಿಂತ ಒಂದು ಬೆರಳಿನಷ್ಟು ಚಿಕ್ಕದಾಗಿ ಉಳಿಯಿತು. ನಡೆಯುವಾಗ ಗೊತ್ತಾಗುವುದಿಲ್ಲ, ಅವ್ವ ಗೊತ್ತಾಗಲು ಬಿಡುವುದೂ ಇಲ್ಲ. ಸೀರೆಯನ್ನು ಒಂದಿಷ್ಟು ಇಳಿಬಿಟ್ಟೇ ಉಡುತ್ತಾಳೆ. ಬಸ್ಸಿನಲ್ಲಿ ಕೂತರೆ ಎಡಗಾಲನ್ನು ಬಲಗಾಲಿನ ಹಿಂದೆ ಸರಿಸಿಕೊಳ್ಳುತ್ತಾಳೆ. ಯಾರದೇ ಮದುವೆಯಲ್ಲಿ ಫೋಟೊ ತೆಗೆಯುವಾಗ ಹಿಂದಿನ ಸಾಲಿಗೆ ಹೋಗಿ ನಿಲ್ಲುತ್ತಾಳೆ. ರಬ್ಬರ್ ಚಪ್ಪಲಿಯಾದರೆ ಕಾಲು ದೊಡ್ಡದೋ ಚಿಕ್ಕದೋ ಯಾರೂ ನೋಡುವುದಿಲ್ಲ ಎಂಬುದು ಅವಳ ಲೆಕ್ಕಾಚಾರ ಎಂದು ನಾನು ಬಹಳ ತಡವಾಗಿ ಅರ್ಥ ಮಾಡಿಕೊಂಡೆ.

ಅಪ್ಪ ಅವಳಿಗಾಗಿ ಜೋಡು ಮಾಡಿರಲಿಲ್ಲವೆಂದಲ್ಲ. ನನಗೆ ಚಿಕ್ಕೋಡಿಯ ಸರಕಾರಿ ಶಾಲೆಯಲ್ಲಿ ಶಿಕ್ಷಕಿಯ ನೌಕರಿ ಸಿಕ್ಕಾಗ ಒಂದು ಮಾಡಿಕೊಟ್ಟ. ತಮ್ಮ ರಾಯಬಾಗ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಕಾಯಂ ಆದಾಗ ಇನ್ನೊಂದು ಮಾಡಿಕೊಟ್ಟ. ಎರಡನ್ನೂ ಅವ್ವ ಕಾಗದದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಎರಡು ಸಲವೂ ತಿಂಗಳೊಪ್ಪತ್ತಿನಲ್ಲಿ ವ್ಯಾಪಾರಿಯ ಟೆಂಪೊ ಬಂದಾಗ ಅದೂ ಮಾಲಿನ ಜೊತೆ ಏರಿ ಹೋಯಿತು. “ಒಂದ ಜೋಡ ಕಡಿಮಿ ಬಿದ್ದಿತ್ತು” ಎಂದಳು ಒಂದು ಸಲ. ಇನ್ನೊಂದು ಸಲ ಏನೂ ಹೇಳಲೂ ಇಲ್ಲ. ಅಪ್ಪನೂ ಕೇಳಲಿಲ್ಲ. ಅಪ್ಪ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಮನುಷ್ಯರನ್ನು ಮುಖದಿಂದ ಗುರುತಿಸುವುದಕ್ಕಿಂತ ಪಾದದಿಂದ ಗುರುತಿಸುವುದೇ ಅವನಿಗೆ ಸಲೀಸು.

ಹೋದ ವರ್ಷ ತಮ್ಮ ಒಂದು ಹಳೆಯ ಕಾರು ಕೊಂಡ. ಕೊಂಡ ಮರುವಾರವೇ ಊರಿಗೆ ಬಂದು ಪಡಸಾಲೆಯಲ್ಲಿ ಕೂತು ಘೋಷಿಸಿದ.

“ಅವ್ವಾ, ಈ ರವಿವಾರ ಎಲ್ಲಾರೂ ಕೂಡಿ ಕೊಲ್ಲಾಪುರಕ್ಕ ಹೋಗೂಣು. ನೀ ಹೆಣದಿದ್ದೆಲ್ಲಾ ಅಲ್ಲಿಗೆ ಹೋಗತೈತಿ. ನೀ ಒಂದ ಸಲಾನರ ಹೋಗೀದಿ?”

“ಅಲ್ಲಿ ನಂದೇನ ಕೆಲಸ?” ಎಂದಳು ಅವ್ವ, ಹೆಣಿಗೆಯಿಂದ ತಲೆ ಎತ್ತದೆ.

ಅದು ನಿಜವೇ. ಅವಳು ಹೆಣೆದ ಪಟ್ಟಿಗಳು ಕೊಲ್ಹಾಪುರ ನೋಡಿದ್ದವು, ಅಲ್ಲಿಂದ ಮುಂದೆ ಪುಣೆ ಮುಂಬಯಿಯನ್ನೂ ನೋಡಿರಬೇಕು. ಅವಳು ನೋಡಿದ ದೊಡ್ಡ ಊರೆಂದರೆ ಮಿರಜ, ಅದೂ ದವಾಖಾನೆಯ ಸಲುವಾಗಿ. ಬೇಡ ಬೇಡ ಎನ್ನುತ್ತಲೇ ಶನಿವಾರ ರಾತ್ರಿಗೆ ಶೇಂಗಾದ ಚಟ್ನಿ ಕುಟ್ಟಿ ಇಟ್ಟಳು. ಅವ್ವ ಒಪ್ಪಿಗೆ ಕೊಡುವ ರೀತಿಯೇ ಅದು.

ರವಿವಾರ ಬೆಳಿಗ್ಗೆ ಹೊರಡುವ ಹೊತ್ತಿಗೆ ಅಪ್ಪ ಒಳಗಿನಿಂದ ಒಂದು ಹೊಸ ಜೋಡು ತಂದು ಅವಳ ಮುಂದಿಟ್ಟ. ಮೇಲಿನ ಹೆಣಿಗೆ ಅವಳದೇ. ಯಾರ ಚಪ್ಪಲಿಗೆಂದು ತಿಳಿಯದೆ ಹೆಣೆದಿದ್ದಳು. ಅವ್ವ ಎರಡೂ ಚಪ್ಪಲಿಗಳನ್ನು ಕೈಗೆತ್ತಿಕೊಂಡು ಒಂದು ಗಳಿಗೆ ಹಿಂದೆ ಮುಂದೆ ನೋಡಿದಳು. ಅವಳ ಮುಖ ಸಣ್ಣಗಾಯಿತು. ಯಾಕೆಂದು ನನಗೆ ತಿಳಿಯಲಿಲ್ಲ. ಅವನ್ನು ಮಾರುವ ಜೋಡು ಕಟ್ಟುವ ಹಾಗೆಯೇ ದಾರದಿಂದ ಬಿಗಿಯಾಗಿ ಕಟ್ಟಿ, ರೊಟ್ಟಿಯ ಡಬ್ಬಿ ಇದ್ದ ಪಿಶವಿ, ಅಂದರೆ ಕೈಚೀಲದೊಳಗೆ ಹಾಕಿ, ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಕಾರು ಹತ್ತಿದಳು.

“ಯಾಕ ಬೇ, ಮೆಟಗೊಳ್ಳಲ್ಲ?” ಎಂದೆ.

“ಅಲ್ಲಿ ಹೋಗಿ ಮೆಟ್ಟತೇನಿ. ಇಲ್ಲಿಂದ ಯಾಕ ಸವಸೂದು?”

ಕಾರಿನಲ್ಲಿ ಕೂತವರ ಚಪ್ಪಲಿ ಹೇಗೆ ಸವೆಯುತ್ತದೆ ಎಂದು ನಾನು ಕೇಳಬೇಕೆಂದಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹೊರಡುವಾಗಲೇ ಜಗಳ ಬೇಡವೆಂದು ಸುಮ್ಮನಾದೆ. ಅಪ್ಪ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದ. ಮೂರನೆಯ ಜೋಡೂ ಟೆಂಪೊ ಹತ್ತುತ್ತದೆ ಎಂದು ನನಗೆ ಆಗಲೇ ಖಾತ್ರಿಯಾಗಿತ್ತು. ಅಪ್ಪನ ಸಲುವಾಗಿ ಕೆಟ್ಟೆನಿಸಿತು.

ಆದರೆ ಆ ದಿನ ಶುರುವಾದದ್ದು ಛಂದವಾಗಿಯೇ. ಕಾಗವಾಡದಲ್ಲಿ ಚಹಾ ಕುಡಿದೆವು. ಮಿರಜ ದಾಟಿ ಕೃಷ್ಣೆಯ ಸೇತುವೆ ಬಂದಾಗ ಅವ್ವ ಕೈ ಮುಗಿದಳು, ತಮ್ಮ ಅವಳಿಗಾಗಿ ಗಾಡಿ ನಿಧಾನ ಮಾಡಿದ. ಕೊಲ್ಹಾಪುರ ಮುಟ್ಟಿ ಊರ ನಡುವಿನ ದೊಡ್ಡ ಕೆರೆಯ ದಂಡೆಯ ಮೇಲೆ ಕೂತು ರೊಟ್ಟಿ ಬಿಚ್ಚಿದೆವು. ಸುತ್ತಲಿನವರೆಲ್ಲ ಭೇಳಪುರಿ ತಿನ್ನುತ್ತಿದ್ದರು, ನಾವು ರೊಟ್ಟಿ, ಚಟ್ನಿ, ಮೊಸರು. ಅವ್ವ ನೀರನ್ನೇ ಬಹಳ ಹೊತ್ತು ನೋಡಿ ಹೇಳಿದಳು:

“ಇಷ್ಟ ನೀರ ಐತಿ, ಇಷ್ಟ ಛಂದ ಕಟ್ಟಿ ಐತಿ. ಒಬ್ಬಾಕೀನೂ ಅರಬಿ ಒಗ್ಯಾಕತ್ತಿಲ್ಲಲ್ಲ.”

ತಮ್ಮ ನಕ್ಕು ನಕ್ಕು ಠಸಕಿ ಹತ್ತಿ ಕೆಮ್ಮಿದ. ಬಟ್ಟೆ ಒಗೆಯುವ ಮಾತಿನಲ್ಲಿ ಅವ್ವನಿಗೆ ನಗುವಂಥದ್ದೇನೂ ಕಾಣಲಿಲ್ಲ. ಆಮೇಲೆ ತಮ್ಮ ಹಟ ಹಿಡಿದು ಹೋಟೆಲ್ಲಿಗೆ ಕರೆದೊಯ್ದು ಕಾಳಿನ ಮಿಸಳ ತಿನ್ನಿಸಿದ. ಇಲ್ಲಿಯ ಮಿಸಳ ಅಂದರೆ ಕಣ್ಣಲ್ಲಿ ನೀರು ಬರಬೇಕು ಎಂದು ದಾರಿಯುದ್ದಕ್ಕೂ ಹೆದರಿಸಿದ್ದ. ಅವ್ವ ಬಟ್ಟಲು ಖಾಲಿ ಮಾಡಿ, “ಖಾರ ಎಲ್ಲೈತಿ?” ಎಂದು ಬಡಿಸುವವನನ್ನೇ ಕೇಳಿದಳು. ಅಪ್ಪನೂ ನಕ್ಕ. ನಾಲ್ವರೂ ಒಟ್ಟಿಗೆ ಹಾಗೆ ಕೂತು ಉಂಡು ನಕ್ಕು ಎಷ್ಟು ಕಾಲವಾಗಿತ್ತೋ. ನನಗೆ ಬಹಳ ಸುಖವೆನಿಸಿತು.

ಊಟವಾದ ಮೇಲೆ ತಮ್ಮ ನಮ್ಮನ್ನು ಚಪ್ಪಲಿ ಅಂಗಡಿಗಳ ಸಾಲಿಗೆ ತಂದು ಇಳಿಸಿದ. “ನಿಮ್ಮ ಮಾಲ ಹೆಂಗ ಮಾರ್ತಾರ ನೋಡ್ರಿ. ನಾ ಗಾಡಿ ಹಚ್ಚಾಕ ಜಾಗಾ ಹುಡುಕತೇನಿ” ಎಂದು ಹೋದ. ಎರಡೂ ಬದಿಗೆ ಚಪ್ಪಲಿಗಳ ಗೊಂಚಲುಗಳು, ಬಾಗಿಲ ಮೇಲೆ, ಕಂಬದ ಮೇಲೆ, ನೆತ್ತಿಯ ಮೇಲೆ. ನಮ್ಮ ಪಡಸಾಲೆಯ ಗೋಡೆ ಇಲ್ಲಿ ಬೀದಿಯುದ್ದಕ್ಕೂ ಹರಡಿಕೊಂಡಿತ್ತು. ಅಪ್ಪ ಒಂದು ದೊಡ್ಡ ಅಂಗಡಿಯ ಮುಂದೆ ನಿಂತ. ಒಳಗೆ ಹೋದೆವು.

ದುಡ್ಡಿನ ಗಲ್ಲೆಯಲ್ಲಿ ಐವತ್ತರ ಆಸುಪಾಸಿನ ಹೆಂಗಸು ಕೂತಿದ್ದಳು, ಅಂಗಡಿಯ ಒಡತಿ. ಗಿರಾಕಿಗಳಿಗೆ ಮಾಲು ತೋರಿಸಲು ಅವಳಷ್ಟೇ ವಯಸ್ಸಿನ ಒಬ್ಬ ಇದ್ದ. ಅಪ್ಪ ಮೂಲೆಗೆ ಹೋಗಿ ಮಷಿನ್ ಹೊಲಿಗೆಯ ಚಪ್ಪಲಿಯೊಂದನ್ನು ತಿರುವಿ ತಿರುವಿ ನೋಡತೊಡಗಿದ. ಅವ್ವ ಮಾತ್ರ ನೇರ ಹೆಣಿಗೆಯ ಚಪ್ಪಲಿಗಳ ಹತ್ತಿರ ಹೋದಳು. ಒಂದನ್ನು ಎತ್ತುವಳು, ಉಗುರಿನಿಂದ ಎಳೆ ಜಗ್ಗುವಳು, ಇಡುವಳು.

“ಇದು ಹೆಣಿಗಿನ? ಸಡ್ಲ ಐತಿ. ತಿಂಗಳದಾಗ ಎಳಿ ಎದ್ದ ಬರ್ತಾವ.”

ಅವಳ ದನಿ ಯಾವತ್ತೂ ಮೆಲ್ಲಗಿಲ್ಲ. ಕೊಲ್ಹಾಪುರದ ಪೇಟೆಯಲ್ಲಿ ಕನ್ನಡ ತಿಳಿಯದವರು ಎಷ್ಟು ಮಂದಿ? ಮಾಲು ತೋರಿಸುವವನ ಹುಬ್ಬು ಗಂಟಾಯಿತು. ಎದುರಿಗೆ ಕೂತಿದ್ದ ಗಿರಾಕಿಗಳು ಕೈಯಲ್ಲಿದ್ದ ಚಪ್ಪಲಿಯ ಎಳೆ ಜಗ್ಗಿ ನೋಡತೊಡಗಿದರು. ನಾನು ಅವಳಿಗೆ ಅಡ್ಡವಾಗಿ, ಅಂಗಡಿಗೆ ಬೆನ್ನು ಮಾಡಿ ನಿಂತೆ, ಅವಳ ಮಾತಾದರೂ ಸ್ವಲ್ಪ ತಡೆಯಲೆಂದು.

“ನೋಡ ಹೆಂಗ ಇರಬೇಕಂತ” ಎಂದು ಅವ್ವ ಪಿಶವಿಯಿಂದ ತನ್ನ ಹೊಸ ಜೋಡು ತೆಗೆದಳು. ಅಂಗಡಿಯ ಚಪ್ಪಲಿಯ ಪಕ್ಕದಲ್ಲಿಟ್ಟು ಎರಡೂ ಹೆಣಿಗೆಗಳ ಮೇಲೆ ಬೆರಳಾಡಿಸಿ ನನಗೆ ಪಾಠ ಹೇಳಿದಳು. ಎಷ್ಟು ಎಳೆ, ಎಲ್ಲಿ ಬಿಗಿ, ಎಲ್ಲಿ ತಿರುವು. ನನಗೆ ಅದೆಲ್ಲ ಗೊತ್ತಿದ್ದದ್ದೇ. ಹೂಂಗುಟ್ಟಿದೆ. ಅವಳ ಮನಸ್ಸಿಗೆ ತೃಪ್ತಿಯಾದ ಮೇಲೆ ಅಂಗಡಿಯದನ್ನು ಜಾಗಕ್ಕಿಟ್ಟು ತನ್ನದನ್ನು ಪಿಶವಿಗೆ ಹಾಕಿಕೊಂಡಳು. ಅಂಗಡಿಗೆ ಹೋಗಿ ಹೀಗೆ ಮಾಡಬಾರದು ಎಂದು ಯಾರಿಗಾದರೂ ಹೊಳೆಯುತ್ತದೆ. ಹುಟ್ಟಿದಾಗಿನಿಂದ ಚಪ್ಪಲಿಗಳ ನಡುವೆಯೇ ಇದ್ದ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

“ಮಾವಶಿ, ಪಿಶವಿ ದಾಖವಾ.”

ಮಾಲು ತೋರಿಸುವವನು ಅವ್ವನ ಎದುರಿಗೆ ಬಂದು ನಿಂತಿದ್ದ. ಚಿಕ್ಕಮ್ಮಾ, ಚೀಲ ತೋರಿಸಿ ಎಂದು ಮರಾಠಿಯಲ್ಲಿ ಕೇಳುತ್ತಿದ್ದ. ಯಾಕೆಂದು ಅವ್ವನಿಗೆ ಇನ್ನೂ ಅರ್ಥವಾಗಿರಲಿಲ್ಲ. ಪಿಶವಿ ಅಗಲಿಸಿ ಹಿಡಿದಳು. ಅವನು ಜೋಡು ಹೊರತೆಗೆದ. ಹೊಸದು, ದಾರ ಕಟ್ಟಿದ್ದು, ಅಟ್ಟೆಗೆ ಧೂಳು ಕೂಡ ತಾಗದ್ದು. ಅಂಗಡಿಯಲ್ಲಿ ತೂಗುವ ಜೋಡುಗಳೂ ಹಾಗೇ ಇದ್ದವು.

“ನಮ್ಮ ಮನಿ ಮಾಲ್ರಿ ಅದು” ಎಂದಳು ಅವ್ವ.

ಅವನು ನಕ್ಕ. ಆ ನಗು ನೋಡಿ ನನಗೆ ತಡೆಯಲಾಗಲಿಲ್ಲ. ದನಿ ಏರಿಸಿ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ, ನಾವು ಯಾರು, ನಾನು ಎಂಥ ನೌಕರಿಯಲ್ಲಿದ್ದೇನೆ, ಹಿರಿಯ ಹೆಂಗಸಿನ ಜೊತೆ ಹೇಗೆ ಮಾತಾಡಬೇಕು ಎಂದು ಕೂಗಾಡಿದೆ. ಸರಕಾರಿ ಶಾಲೆಯ ಶಿಕ್ಷಕಿಯ ತಾಯಿಯಾಗಿರುವುದು ಕಳ್ಳತನ ಮಾಡಿಲ್ಲವೆಂಬುದಕ್ಕೆ ಪುರಾವೆ ಎನ್ನುವ ಹಾಗೆ. ಈಗ ನೆನೆದರೆ ನನಗೇ ನಾಚಿಕೆಯಾಗುತ್ತದೆ. ನನ್ನ ಕೂಗಿನಿಂದ ಆದ ಲಾಭವೆಂದರೆ ಬೀದಿಯಲ್ಲಿ ಹೋಗುತ್ತಿದ್ದ ನಾಲ್ಕಾರು ಮಂದಿ ಬಾಗಿಲಲ್ಲಿ ಬಂದು ನಿಂತದ್ದು.

ಒಡತಿ ಕೂಗಾಡಲಿಲ್ಲ. ಗಲ್ಲೆಯ ಪಕ್ಕದ ಪರದೆಯಲ್ಲಿ ಕ್ಯಾಮೆರಾದ ಚಿತ್ರ ಹಿಂದೆ ಓಡಿಸಿ ನನ್ನನ್ನು ಕರೆದು ತೋರಿಸಿದಳು. ಚಿತ್ರದ ತುಂಬ ನನ್ನ ಬೆನ್ನು. ಅವ್ವ ಪಿಶವಿಯಿಂದ ತೆಗೆದದ್ದು ನನ್ನ ಬೆನ್ನಿನ ಹಿಂದೆ ಮುಚ್ಚಿಹೋಗಿತ್ತು. ನಾನು ಸ್ವಲ್ಪ ಸರಿದ ಮೇಲೆ ಅವಳು ಹೊಸ ಜೋಡನ್ನು ಪಿಶವಿಗೆ ಹಾಕುವುದು ಮಾತ್ರ ಸ್ವಚ್ಛವಾಗಿ ಕಾಣುತ್ತಿತ್ತು. ಅದನ್ನು ನೋಡಿದರೆ ನಾನೂ ಇದು ಕಳ್ಳತನವೆಂದೇ ಹೇಳುತ್ತಿದ್ದೆ. ಅಷ್ಟೇ ಅಲ್ಲ, ಮಗಳು ಬೇಕೆಂದೇ ಅಡ್ಡ ನಿಂತಿದ್ದಾಳೆ ಎಂದೂ ಹೇಳುತ್ತಿದ್ದೆ.

ಆಗ ಅಪ್ಪ ಮೂಲೆಯಿಂದ ಬಂದ. ಮಾಲು ತೋರಿಸುವವನ ಕೈಯಿಂದ ಜೋಡನ್ನು ಇಸಿದುಕೊಂಡು ದಾರ ಬಿಚ್ಚಿದ. ಎರಡೂ ಚಪ್ಪಲಿಗಳ ಅಟ್ಟೆಗೆ ಅಟ್ಟೆ ಹಚ್ಚಿ, ಹಿಮ್ಮಡಿ ಕೂಡಿಸಿ, ಎತ್ತಿ ಹಿಡಿದ.

“ನೋಡ್ರಿ. ಇದು ನಿಮ್ಮದಲ್ಲ.”

ಎಡದ್ದು ಬಲದ್ದಕ್ಕಿಂತ ಒಂದು ಬೆರಳು ಚಿಕ್ಕದಿತ್ತು.

ನಾನು ಅದನ್ನು ಕಂಡದ್ದೇ ಆಗ. ಬೆಳಿಗ್ಗೆ ಅವ್ವನ ಮುಖ ಯಾಕೆ ಸಣ್ಣಗಾಯಿತು ಎಂಬುದೂ ಆಗಲೇ ಹೊಳೆಯಿತು. ಆದರೆ ಮಾಲು ತೋರಿಸುವವನಿಗೆ ಹೊಳೆದದ್ದು ಬೇರೆ. “ಮತ್ತೇನ? ಅವಸರದಾಗ ಬ್ಯಾರೆ ಬ್ಯಾರೆ ಜೋಡಿಂದು ಒಂದೊಂದ ಎತ್ತಿಕೊಂಡಾರ” ಎಂದ, ಈ ಸಲ ನಮಗೆ ತಿಳಿಯಲೆಂದೇ ಕನ್ನಡದಲ್ಲಿ. ಬಾಗಿಲಲ್ಲಿ ನಿಂತವರಲ್ಲಿ ಯಾರೋ ನಕ್ಕರು. ಒಡತಿಯೂ ಅಪ್ಪನನ್ನು ಕೇಳಿದಳು, ಹೀಗೆ ಒಂದು ದೊಡ್ಡದು ಒಂದು ಸಣ್ಣದು ಯಾರಾದರೂ ಮಾಡುತ್ತಾರೆಯೇ ಎಂದು.

“ನಾ ಮಾಡೇನ್ರಿ” ಎಂದ ಅಪ್ಪ.

ಯಾಕೆ ಎಂದಳು ಒಡತಿ.

ಒಂದೇ ಮಾತು ಸಾಕಿತ್ತು. ಇವಳ ಎಡಗಾಲು ಹೀಗಿದೆ, ಅದಕ್ಕೆ. ಅಪ್ಪ ಆ ಮಾತು ಆಡಲಿಲ್ಲ. ಅವ್ವನನ್ನು ಒಮ್ಮೆ ನೋಡಿ, ನೆಲ ನೋಡುತ್ತಾ ನಿಂತುಬಿಟ್ಟ. ನಾನು ಬಾಯಿ ತೆರೆದೆ. ಅಪ್ಪ ನನ್ನ ಮಣಿಕಟ್ಟು ಹಿಡಿದ, ತೊಗಲು ಹಿಡಿದು ಹಿಡಿದು ಒರಟಾದ ಕೈ, ನೋಯುವಷ್ಟು ಬಿಗಿಯಾಗಿ. ಸುಮ್ಮನಾದೆ. ಎಲ್ಲರೆದುರು ಹೀಗೆ ಮೂಕನಾಗಿ ನಿಂತನಲ್ಲ ಎಂದು ಅವನ ಮೇಲೂ ಸಿಟ್ಟು ಬಂತು. ಅವ್ವ ಇಷ್ಟು ವರ್ಷ ಮುಚ್ಚಿಕೊಂಡು ಬಂದ ಕಾಲು ಅದು. ಅದರ ಮಾತು ಅವಳೇ ಆಡಬೇಕು, ತಾನಲ್ಲ ಎಂದು ಅವನಿಗೆ ಅನಿಸಿತ್ತು. ಅದು ನನಗೆ ಅರ್ಥವಾದದ್ದು ವಾಪಸು ಬರುವಾಗ, ದಾರಿಯಲ್ಲಿ.

“ಇಟ್ಟುಕೊಳ್ರಿ ಇದನ್ನ” ಎಂದ ಅಪ್ಪ ಕೊನೆಗೆ, ಜೋಡನ್ನು ಗಲ್ಲೆಯ ಮೇಲಿಡುತ್ತಾ. “ನಮಗ ಬ್ಯಾಡ. ನಡಿ ಹೋಗೂಣು.”

ಅವ್ವ ಅಲುಗಲಿಲ್ಲ.

“ಬಿಟ್ಟ ಹೋದ್ರ ಕದ್ದಂಗ ಆತು” ಎಂದಳು.

ಗಲ್ಲೆಯ ಮೇಲಿನಿಂದ ಜೋಡನ್ನು ಎತ್ತಿಕೊಂಡು, ಗಿರಾಕಿಗಳು ಚಪ್ಪಲಿ ಹಾಕಿ ನೋಡುವ ಸಣ್ಣ ಸ್ಟೂಲಿನ ಹತ್ತಿರ ಹೋಗಿ ಕೂತಳು. ಎದುರಿಗೆ ನೆಲದ ಮೇಲೆ ಓರೆಯಾಗಿ ಇಟ್ಟ ಕನ್ನಡಿ. ಮೊದಲು ಬಲಗಾಲಿನ ರಬ್ಬರ್ ಚಪ್ಪಲಿ ತೆಗೆದಳು. ಸೆರಗಿನಿಂದ ಪಾದ ಒರೆಸಿಕೊಂಡು ಹೊಸ ಚಪ್ಪಲಿಯಲ್ಲಿಟ್ಟಳು. ಆಮೇಲೆ ಸೀರೆಯನ್ನು ಒಂದಿಷ್ಟು ಮೇಲೆತ್ತಿ ಎಡಗಾಲನ್ನು ಮುಂದೆ ತಂದಳು. ಮೂರು ಬೆರಳು, ಪಕ್ಕದಲ್ಲಿ ಹಳೆಯ ಗಾಯದ ನುಣುಪಾದ ಚರ್ಮ. ಕನ್ನಡಿಯಲ್ಲೂ ಅದೇ. ಅವಳು ಅದನ್ನೂ ಒರೆಸಿಕೊಂಡಳು, ಅವಸರವಿಲ್ಲದೆ, ಬೆರಳು ಬೆರಳಿನ ಸಂದಿಯಲ್ಲೂ. ಚಪ್ಪಲಿಯಲ್ಲಿ ಪಾದವಿಟ್ಟಳು. ಹಿಮ್ಮಡಿ ಅಂಚಿಗೆ ಸರಿಯಾಗಿ ಕೂತಿತು. ಮುಂದೆ ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಡಿಮೆಯಿಲ್ಲ. ಬೆರಳಿಲ್ಲದ ಕಡೆಗೆ ಅಟ್ಟೆಯೂ ಮೆಲ್ಲನೆ ಒಳಗೆ ತಿರುಗಿತ್ತು.

ಅಪ್ಪ ಹೋಗಿ ಅವಳ ಮುಂದೆ ಮೊಣಕಾಲೂರಿ ಕೂತ. ಊರಲ್ಲಿ ಗಿರಾಕಿಗಳಿಗೆ ಮಾಡುವ ಹಾಗೆಯೇ ಹಿಮ್ಮಡಿಯ ಹಿಂದೆ ಹೆಬ್ಬೆರಳಿನಿಂದ ಒತ್ತಿ ನೋಡಿದ.

“ಬಿಗಿ ಅನಸ್ತೈತೇನು?”

“ಇಲ್ಲ.”

ಒಡತಿ ಗಲ್ಲೆ ಬಿಟ್ಟು ಎದ್ದು ಬಂದಳು. ಅವ್ವನ ಕಾಲು ನೋಡಿದಳು, ಅಪ್ಪನ ಕೈ ನೋಡಿದಳು. ಚಪ್ಪಲಿಯ ವ್ಯಾಪಾರ ಮಾಡುವವಳಿಗೆ ಇನ್ನೇನು ಹೇಳಬೇಕು? ‘ಚುಕಲಂ, ಮಾವಶಿ’ ಎಂದಳು, ತಪ್ಪಾಯಿತು ಎಂದು. ಮಾಲು ತೋರಿಸುವವನು ಬಾಗಿಲಲ್ಲಿ ನಿಂತವರನ್ನು ಚದುರಿಸುವ ನೆವದಲ್ಲಿ ಹೊರಗೆ ಹೋದ. ಬರುವಾಗ ಅವನ ಕೈಯಲ್ಲಿ ಚಹಾದ ಗ್ಲಾಸುಗಳಿದ್ದವು. ನಾನು ಆ ಚಹಾ ಮುಟ್ಟಬಾರದೆಂದು ಮುಖ ತಿರುಗಿಸಿದೆ. ಅವ್ವ ಎರಡು ಗ್ಲಾಸು ಕುಡಿದಳು, ತನ್ನದೂ ನನ್ನದೂ.

ಕುಡಿಯುತ್ತಾ ಪಕ್ಕದಲ್ಲಿದ್ದ ಅಂಗಡಿಯ ಚಪ್ಪಲಿಯೊಂದನ್ನು ತೊಡೆಯ ಮೇಲೆಳೆದುಕೊಂಡು ಅದರ ಸಡಿಲ ಎಳೆಯನ್ನು ಉಗುರಿನಿಂದ ಬಿಗಿ ಮಾಡಿದಳು. ಒಡತಿ ಹತ್ತಿರ ಕೂತು ನೋಡಿದಳು. ಅವರಿಬ್ಬರೂ ಹೆಣಿಗೆಯ ಮಾತಿಗೆ ಬಿದ್ದರು, ಅವಳು ಮರಾಠಿಯಲ್ಲಿ, ಅವ್ವ ಕನ್ನಡದಲ್ಲಿ. ಸಿಟ್ಟು ಉಳಿದದ್ದು ನನಗೊಬ್ಬಳಿಗೇ. ಏಳುವ ಹೊತ್ತಿಗೆ ಒಡತಿ ಒಳ್ಳೆಯ ಡಬ್ಬಿಯೊಂದನ್ನು ತಂದು, ಜೋಡು ಬಿಚ್ಚಿದರೆ ಇದರಲ್ಲಿ ಹಾಕಿಕೊಡುತ್ತೇನೆ ಎಂದಳು. ನಾನು ಅವ್ವನನ್ನು ನೋಡಿದೆ. ಅಪ್ಪನೂ ನೋಡಿದ.

ಅವ್ವ ತನ್ನ ಪಾದಗಳತ್ತ ಬಗ್ಗಿ ನೋಡಿಕೊಂಡಳು.

“ಬ್ಯಾಡ್ರಿ. ಕಾಲಿಟ್ಟಾತು” ಎಂದಳು.

ರಬ್ಬರ್ ಚಪ್ಪಲಿಗಳು ಪಿಶವಿಗೆ ಹೋದವು.

ತಮ್ಮ ಈ ನಡುವೆ ಮೂರು ಸಲ ಫೋನ್ ಮಾಡಿದ್ದ. ಎರಡು ಬೀದಿ ಆಚೆ ಜಾಗ ಸಿಕ್ಕಿತ್ತಂತೆ. ಅವ್ವ ಮುಂದೆ, ನಾವಿಬ್ಬರು ಹಿಂದೆ. ಹೊಸ ಅಟ್ಟೆ ಡಾಂಬರಿನ ಮೇಲೆ ಟಪ್ ಟಪ್ ಎನ್ನುತ್ತಿತ್ತು. ಅಪ್ಪ ದಾರಿಯುದ್ದಕ್ಕೂ ಅವಳ ಹಿಮ್ಮಡಿಗಳನ್ನೇ ನೋಡುತ್ತಾ ನಡೆದ. ಒಬ್ಬರ ಭುಜಕ್ಕೆ ಡಿಕ್ಕಿ ಹೊಡೆದು ಬೈಸಿಕೊಂಡ. ಆಗಲೂ ತಲೆ ಎತ್ತಲಿಲ್ಲ.

“ಎಷ್ಟೊತ್ತ ಅಕ್ಕಾ? ಏನ ಕೊಂಡ್ರಿ?” ಎಂದು ತಮ್ಮ ಕೇಳಿದ.

“ಏನೂ ಕೊಂಡಿಲ್ಲ. ನಿಮ್ಮಕ್ಕ ಭಾಷಣ ಮಾಡಿದ್ಲು” ಎಂದಳು ಅವ್ವ.

ಮರುದಿನ ನನಗೆ ಶಾಲೆ ಇದ್ದುದರಿಂದ ವಾಪಸು ಬರುವಾಗ ನಿಪ್ಪಾಣಿ ಮಾರ್ಗ ಹಿಡಿದು ಚಿಕ್ಕೋಡಿಯಲ್ಲಿ ನನ್ನನ್ನು ಇಳಿಸಿ ಹೋಗುವುದೆಂದಾಗಿತ್ತು. ನಿಪ್ಪಾಣಿಯ ಹೆದ್ದಾರಿ ಬದಿಯ ಹೋಟೆಲ್ಲಿನಲ್ಲಿ ಬಜಿ ತಿಂದು ಚಹಾ ಹೇಳಿದೆವು. ಹೊತ್ತು ಇಳಿಯುತ್ತಿತ್ತು. ಅವ್ವ ಮರದ ಬಾಕಿನ ಮೇಲೆ ಎರಡೂ ಕಾಲುಗಳನ್ನು ಮುಂದೆ ಚಾಚಿ ಕೂತಿದ್ದಳು. ಎಡಗಾಲು ಬಲಗಾಲಿನ ಹಿಂದೆ ಸರಿದಿರಲಿಲ್ಲ.

“ನನ್ನ ಕಾಲ ಹಿಂಗೈತಂತ ಊರಿಗೆಲ್ಲಾ ತೋರಸಾಕ ಮಾಡೀರಿ ಅನಕೊಂಡಿದ್ದೆ ಮುಂಜಾನೆ” ಎಂದಳು ಅವ್ವ ಇದ್ದಕ್ಕಿದ್ದ ಹಾಗೆ. ಅಪ್ಪನಿಗೆ ಹೇಳುತ್ತಿದ್ದಳು, ರಸ್ತೆಯನ್ನು ನೋಡುತ್ತಿದ್ದಳು. “ಬಾಳ ಕೆಟ್ಟ ಅನಸಿತ್ತು.”

ಅಪ್ಪ ಬಶಿಯಲ್ಲಿ ಚಹಾ ಸುರಿದುಕೊಂಡ. ಊದಿದ. ಒಂದು ಗುಟುಕು ಕುಡಿದ.

“ಎರಡ ಸಲ ಎರಡೂ ಸಮ ಮಾಡಿ ಕೊಟ್ಟೆ. ಎರಡೂ ಸಲ ಮಾರಿದಿ” ಎಂದ. “ಈ ಸಲ ಬ್ಯಾರೆ ಯಾರ ಕಾಲಿಗೂ ಬರಬಾರ್ದಂತ ಮಾಡೀನಿ.”

ಅವ್ವ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. ನಾನು ಅಪ್ಪನನ್ನು ಕೇಳಿದ್ದು ಬರೀ ಕೆಲಸದ ಮಾತು.

“ಅಳತಿ ಯಾವಾಗ ತಗೊಂಡಿದ್ದಿ ಅಪ್ಪಾ? ಆಕಿ ಕಾಲ ಯಾರಿಗೂ ತೋರಸೂದಿಲ್ಲಲ್ಲ.”

“ಅಳತಿ ಯಾಕ ಬೇಕು?” ಎಂದ ಅಪ್ಪ. ನಾನು ಏನೋ ದಡ್ಡ ಪ್ರಶ್ನೆ ಕೇಳಿದೆನೆಂಬಂತೆ ನೋಡಿದ.

“ಚಾ ಆರಾಕತ್ತೈತಿ, ಕುಡೀರಿ ಸುಮ್ನ” ಎಂದಳು ಅವ್ವ.

ಆಮೇಲೆ ಎರಡು ತಿಂಗಳು ನಾನು ಊರಿಗೆ ಹೋಗಲಾಗಲಿಲ್ಲ, ಪರೀಕ್ಷೆಗಳಿದ್ದವು. ರಜೆ ಬಿದ್ದ ಮೇಲೆ ಹೋದೆ. ಪಡಸಾಲೆಯಲ್ಲಿ ಅಪ್ಪ ತೊಗಲು ಕತ್ತರಿಸುತ್ತಿದ್ದ. ಗೋಡೆಯ ಮೇಲೆ ಜೋಡುಗಳ ಸಾಲು ಎಂದಿನಂತೆ. ಅವ್ವನ ಜೋಡು ಗೋಡೆಯ ಮೇಲಿರಲಿಲ್ಲ, ಟ್ರಂಕಿನಲ್ಲೂ ಇರಲಿಲ್ಲ. ಬಾಗಿಲ ಹೊರಗೆ, ಹೊಸ್ತಿಲ ಪಕ್ಕದಲ್ಲಿತ್ತು. ಅಂಚುಗಳಿಗೆ ಕೆಸರು ಹತ್ತಿತ್ತು. ತೊಗಲು ಎಣ್ಣೆ ಕುಡಿದು ಕಂದು ಬಣ್ಣಕ್ಕೆ ತಿರುಗಿತ್ತು. ಒಳಗೆ ಪಾದದ ಗುರುತು ಕಪ್ಪಗೆ ಕೂತಿತ್ತು, ಬಲದ್ದರಲ್ಲಿ ಐದು ಬೆರಳು, ಎಡದ್ದರಲ್ಲಿ ಮೂರು.

ಮಧ್ಯಾಹ್ನ ಕೈ ತೊಳೆಯಲು ಅಂಗಳಕ್ಕಿಳಿಯುವಾಗ ನೋಡದೆ ಅದೇ ಚಪ್ಪಲಿಯಲ್ಲಿ ಕಾಲಿಟ್ಟೆ. ಬಲಗಾಲು ಹೋಯಿತು. ಎಡಗಾಲಿನ ಹಿಮ್ಮಡಿ ಹೊರಗೇ ಉಳಿಯಿತು.

“ಅದರಾಗ ಕಾಲ ಇಡಬ್ಯಾಡ” ಎಂದು ಒಳಗಿನಿಂದ ಕೂಗಿದಳು ಅವ್ವ. ದನಿ ಮೂವತ್ತು ವರ್ಷಗಳ ಹಿಂದಿನದೇ, ಏಟು ಮಾತ್ರ ಬೀಳಲಿಲ್ಲ. “ನಂದ ಐತಿ ಅದು.”

ನಾನು ಕಾಲು ಹೊರತೆಗೆದು, ಪಕ್ಕದಲ್ಲಿದ್ದ ಅವಳ ಹಳೆಯ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕಿಳಿದೆ.